ಒಂಬತ್ತನೇ ತರಗತಿಗೆ ಒಂದು ಇಡೀ ಕಾದಂಬರಿ

ರಾಯದುರ್ಗ, ಡಿ.ಹಿರೇಹಾಳು, ಬೊಮ್ಮನಹಾಳು, ಕಣೇಕಲ್ ಕಡೆಯ ಕನ್ನಡ ಶಾಲೆಯಲ್ಲೋ, ಮಡಕಶಿರಾ, ಅಮರಾಪುರ, ಗುಡಿಬಂಡೆ, ರೊಳ್ಳ, ಅಗಳಿ ಕಡೆಯ ಕನ್ನಡ ಶಾಲೆಯಲ್ಲೋ ನಿಮ್ಮ ಮಗನೋ ಮಗಳೋ ಓದುತ್ತಿದ್ದರೆ ನಿಮಗೊಂದು ಪ್ರಶ್ನೆ. ಹತ್ತನೇ ತರಗತಿ ಮುಗಿಸುವ ಹೊತ್ತಿಗೆ ಆ ಮಗು ಕನ್ನಡದಲ್ಲಿ ಒಂದೇ ಒಂದು ಪುಸ್ತಕವನ್ನಾದರೂ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿರುತ್ತದೆಯೇ? ಪಠ್ಯಪುಸ್ತಕ ಲೆಕ್ಕಕ್ಕಿಲ್ಲ. ಗೈಡು ಲೆಕ್ಕಕ್ಕಿಲ್ಲ. ಒಬ್ಬ ಲೇಖಕ ಬರೆದ ಒಂದು ಇಡೀ ಕಥೆ ಓದಿದೆಯೇ?

ಬಹುಪಾಲು ಮನೆಗಳಲ್ಲಿ ಉತ್ತರ ಇಲ್ಲ ಎಂದೇ ಇರುತ್ತದೆ. ಇದಕ್ಕೆ ಮಗುವನ್ನಾಗಲಿ ಮೇಷ್ಟ್ರನ್ನಾಗಲಿ ದೂರುವಂತಿಲ್ಲ. ನಮ್ಮ ಪಠ್ಯದಲ್ಲಿ ಕಾದಂಬರಿ ಬಂದರೆ ತುಂಡಾಗಿ ಬರುತ್ತದೆ. ನಾಲ್ಕು ಪುಟ ಕಥೆ, ಕೆಳಗೆ ಪದಗಳ ಅರ್ಥ, ಅದರ ಕೆಳಗೆ ಎರಡು ಅಂಕದ ಪ್ರಶ್ನೆ, ಆಮೇಲೆ ಸಂದರ್ಭ ಸಹಿತ ವಿವರಿಸಿ. ಪರೀಕ್ಷೆ ಮುಗಿದ ಮೇಲೆ ಆ ಕಥೆ ಹಿಂದೆ ಏನಾಗಿತ್ತು, ಮುಂದೆ ಏನಾಯಿತು ಎಂದು ಕೇಳುವವರಿಲ್ಲ. ಹತ್ತು ವರ್ಷ ಕನ್ನಡದಲ್ಲಿ ಓದಿದ ಮಗುವಿಗೆ ಕನ್ನಡ ಅಂಕಪಟ್ಟಿಯ ಒಂದು ಸಾಲಾಗಿ ಉಳಿಯುತ್ತದೆ.

ಆದ್ದರಿಂದ ಈ ಪುಟದ ಓದುಗರಾದ ನಿಮ್ಮ ಮುಂದೆ ಒಂದು ಸಣ್ಣ ಬೇಡಿಕೆ ಇಡುತ್ತಿದ್ದೇನೆ. ನಮ್ಮ ಎರಡೂ ತಾಲ್ಲೂಕಿನ ಕನ್ನಡ ಮಾಧ್ಯಮ ಪ್ರೌಢಶಾಲೆಗಳಲ್ಲಿ ಒಂಬತ್ತನೇ ತರಗತಿಯ ಮಕ್ಕಳು ವರ್ಷಕ್ಕೊಂದು ಕಾದಂಬರಿಯನ್ನು ಪೂರ್ತಿಯಾಗಿ, ತರಗತಿಯಲ್ಲೇ, ಗಟ್ಟಿಯಾಗಿ ಓದಿ ಮುಗಿಸಲಿ. ಮೊದಲನೆಯದು ಶಿವರಾಮ ಕಾರಂತರ ‘ಚೋಮನ ದುಡಿ’ ಆಗಲಿ.

ಯಾಕೆ ಅದೇ ಪುಸ್ತಕ? ಮೊದಲ ಕಾರಣ ಅದರ ಗಾತ್ರ. ನೂರು ಚಿಲ್ಲರೆ ಪುಟ ಅಷ್ಟೆ. ವಾರಕ್ಕೊಂದು ಪೀರಿಯಡ್ ಇಟ್ಟರೂ ಪರೀಕ್ಷೆಯ ಗಡಿಬಿಡಿ ಶುರುವಾಗುವ ಮೊದಲೇ ಮುಗಿಯುತ್ತದೆ. ಎರಡನೆಯ ಕಾರಣ ನಮ್ಮ ಚರಿತ್ರೆಗೆ ಸಂಬಂಧಿಸಿದ್ದು. ಆ ಕಾದಂಬರಿ ಬಂದದ್ದು 1933ರಲ್ಲಿ. ಆಗ ಕಾರಂತರು ಬದುಕಿ ಬರೆಯುತ್ತಿದ್ದ ದಕ್ಷಿಣ ಕನ್ನಡವೂ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಬಳ್ಳಾರಿ ಜಿಲ್ಲೆಯಲ್ಲಿದ್ದ ನಮ್ಮ ರಾಯದುರ್ಗವೂ, ಅನಂತಪುರ ಜಿಲ್ಲೆಯಲ್ಲಿದ್ದ ಮಡಕಶಿರಾವೂ ಅದೇ ಪ್ರಾಂತ್ಯದಲ್ಲಿದ್ದವು. ಮೈಸೂರು ಸಂಸ್ಥಾನದ ಹೊರಗಿನ ಕನ್ನಡಿಗರಾಗಿ ನಾವೂ ಅವರೂ ಒಂದೇ ಸಾಲಿನಲ್ಲಿದ್ದೆವು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವಾದಾಗ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಬಳ್ಳಾರಿಯಿಂದ ಕಳಚಿ ಆಂಧ್ರಕ್ಕೆ ಸೇರಿದವು. ಮೂರು ವರ್ಷದ ನಂತರ ದಕ್ಷಿಣ ಕನ್ನಡ ಮೈಸೂರು ರಾಜ್ಯಕ್ಕೆ ಬಂತು, ಅದರ ಕಾಸರಗೋಡು ಕೇರಳಕ್ಕೆ ಹೋಯಿತು. ಗೆರೆ ಎಳೆದವರು ದೊಡ್ಡವರು. ಪುಸ್ತಕ ಮಾತ್ರ ಎರಡೂ ಕಡೆಯ ಮಕ್ಕಳಿಗೆ ಸೇರಿದ್ದು. ಈ ಕಡೆಯ ಮಕ್ಕಳ ಕೈಗೆ ಅದು ಇನ್ನೂ ಸಿಕ್ಕಿಲ್ಲ.

ಮೂರನೆಯ ಕಾರಣವೇ ಮುಖ್ಯವಾದದ್ದು. ಹದಿಮೂರು ಹದಿನಾಲ್ಕರ ವಯಸ್ಸು ಎಂದರೆ ಅನ್ಯಾಯ ಕಣ್ಣಿಗೆ ಬೀಳತೊಡಗುವ ವಯಸ್ಸು. ಅದುವರೆಗೆ ಮಗುವಿಗೆ ಊರು ಇರುವುದೇ ಹಾಗೆ. ಇವರ ಮನೆಗೆ ಹೋದರೆ ಒಳಗೆ ಕೂರಬಹುದು, ಅವರ ಮನೆಗೆ ಹೋದರೆ ಹೊರಗೆ ನಿಲ್ಲಬೇಕು. ಅಣ್ಣ ಓದುತ್ತಾನೆ, ಅಕ್ಕ ಓದು ಬಿಡುತ್ತಾಳೆ. ಸಾಲ ಕೊಟ್ಟವರು ಬಂದಾಗ ಅಪ್ಪನ ದನಿ ಸಣ್ಣದಾಗುತ್ತದೆ. ಇದೆಲ್ಲ ಬೇಸಿಗೆಯ ಬಿಸಿಲಿನ ಹಾಗೆ, ಯಾರೂ ಮಾಡಿದ್ದಲ್ಲ ಎಂದು ಮಗು ತಿಳಿದಿರುತ್ತದೆ. ಒಂದು ದಿನ, ಇದು ಬಿಸಿಲಲ್ಲ, ಇದನ್ನು ಮನುಷ್ಯರು ಮಾಡಿಟ್ಟಿದ್ದಾರೆ ಎಂಬುದು ಅದಕ್ಕೆ ಹೊಳೆಯುತ್ತದೆ. ದೊಡ್ಡವರಾಗುವುದು ಎಂದರೆ ಹೆಚ್ಚೂಕಡಿಮೆ ಇದೇ. ಆ ಹೊತ್ತಿನಲ್ಲಿ ಅದಕ್ಕೆ ಮಾತು ಬೇಕು. ಮಾತು ಸಿಗದಿದ್ದರೆ ಕಂಡದ್ದನ್ನು ನುಂಗಿಕೊಂಡು ಮಗು ಸುಮ್ಮನಾಗುತ್ತದೆ, ಇಲ್ಲವೇ ತಾನೂ ಅದೇ ಊರಿನ ಪದ್ಧತಿಗೆ ಹೊಂದಿಕೊಳ್ಳುತ್ತದೆ.

ಸಮಾಜ ಪುಸ್ತಕದಲ್ಲಿ ಸಂವಿಧಾನದ 17ನೇ ವಿಧಿ ಇದೆಯಲ್ಲ ಎನ್ನಬಹುದು. ಇದೆ. ಅಸ್ಪೃಶ್ಯತೆಯನ್ನು ರದ್ದುಪಡಿಸುವ ವಿಧಿ ಯಾವುದು ಎಂದು ಕೇಳಿದರೆ ನಮ್ಮ ಮಕ್ಕಳು ತಟ್ಟನೆ ಹೇಳುತ್ತಾರೆ, ಒಂದು ಅಂಕ ಪಡೆಯುತ್ತಾರೆ. ಆದರೆ ಆ ವಿಧಿ ತಮ್ಮ ಊರಿನ ಬಾವಿಯ ಬಗ್ಗೆ, ಗುಡಿಯ ಬಗ್ಗೆ, ಹೋಟೆಲಿನ ಲೋಟದ ಬಗ್ಗೆ ಮಾತಾಡುತ್ತಿದೆ ಎಂದು ಅವರಿಗೆ ಹೊಳೆದಿದೆಯೇ? ಸಂಖ್ಯೆ ನೆನಪಿರುತ್ತದೆ, ಮನುಷ್ಯ ಕಾಣುವುದಿಲ್ಲ. ಕಾದಂಬರಿ ಮನುಷ್ಯನನ್ನು ಕಾಣಿಸುತ್ತದೆ.

ಚೋಮನಿಗೆ ಬೇಕಿದ್ದದ್ದು ತುಂಬಾ ಸಣ್ಣದು. ಉಳುವುದಕ್ಕೆ ಒಂದು ತುಂಡು ಗದ್ದೆ. ಅವನ ಬಳಿ ಎತ್ತುಗಳಿವೆ, ದುಡಿಯುವ ಮಕ್ಕಳಿದ್ದಾರೆ, ದುಡಿ ಇದೆ. ಭೂಮಿ ಮಾತ್ರ ಸಿಗುವುದಿಲ್ಲ. ಅವನ ಜಾತಿಯವರು ಬೇಸಾಯ ಮಾಡಬಾರದು ಎಂಬುದು ಊರಿನ ಪದ್ಧತಿ. ಒಡೆಯ ಸಂಕಪ್ಪಯ್ಯ ಕ್ರೂರಿಯೇನಲ್ಲ. ಅವನಿಗೆ ಚೋಮನ ಮೇಲೆ ಕನಿಕರವೂ ಇದೆ. ಆದರೆ ಮನೆಯ ಹಿರಿಯರ ಮಾತು, ಹಿಂದಿನಿಂದ ಬಂದದ್ದು, ನಾಲ್ಕು ಜನ ಏನೆಂದಾರು ಎಂಬ ಅಳುಕು ಅವನ ಕೈ ಕಟ್ಟುತ್ತವೆ. ನಮ್ಮ ಮಕ್ಕಳು ನಿಂತು ಯೋಚಿಸಬೇಕಾದ ಜಾಗ ಇದು. ಸಿನಿಮಾದ ಖಳನಾಯಕನನ್ನು ಗುರುತಿಸುವುದು ಸುಲಭ. ಒಳ್ಳೆಯವರು ಎನಿಸಿಕೊಂಡವರೇ ಸುಮ್ಮನಿದ್ದು ಅನ್ಯಾಯವನ್ನು ಸಾಗಿಸಿಕೊಂಡು ಹೋಗುವುದನ್ನು ಗುರುತಿಸುವುದು ಕಷ್ಟ. ಅಂಥವರು ನಮ್ಮ ಮನೆಯಲ್ಲೇ ಇರುತ್ತಾರೆ. ಎಷ್ಟೋ ಸಲ ಅದು ನಾವೇ.

ಇನ್ನು ಚೋಮನ ಮಕ್ಕಳನ್ನು ನೋಡಿ. ಹಿರಿಯ ಮಗ ಚನಿಯ ಅಪ್ಪನ ಸಾಲ ತೀರಿಸಲು ಕಾಫಿ ತೋಟಕ್ಕೆ ಹೋಗಿ, ಜ್ವರ ಹಿಡಿದು ಬಂದು ಸಾಯುತ್ತಾನೆ. ಗುರುವ ಕ್ರೈಸ್ತ ಹುಡುಗಿಯನ್ನು ಮೆಚ್ಚಿ, ಮತ ಬದಲಿಸಿ, ಮನೆಯಿಂದ ದೂರವಾಗುತ್ತಾನೆ. ಕಿರಿಯ ಮಗ ನೀಲ ನೀರಿಗೆ ಸಿಕ್ಕಾಗ ಮುಟ್ಟಿ ಮೇಲೆತ್ತುವವರಿಲ್ಲದೆ ಮುಳುಗಿ ಹೋಗುತ್ತಾನೆ. ಮಗಳು ಬೆಳ್ಳಿ ಮನೆಯನ್ನೂ ಹೊರುತ್ತಾಳೆ, ತೋಟದ ಸಾಲವನ್ನೂ ಹೊರುತ್ತಾಳೆ. ಆ ಸಾಲ ಹರಿಯುವಾಗ ಅದರ ಬೆಲೆ ಏನಾಗಿತ್ತು ಎಂಬುದು ಗೊತ್ತಿರುವುದು ಅವಳಿಗೆ. ದೊಡ್ಡವರಾಗುವ ದಾರಿ ಈ ಮಕ್ಕಳಿಗೆ ಎಲ್ಲೆಲ್ಲಿ ಮುಚ್ಚಿತ್ತು ಎಂದು ತರಗತಿಯಲ್ಲಿ ಕೇಳಿ ನೋಡಿ. ಹದಿನಾಲ್ಕರ ಮಕ್ಕಳು ಈ ಪ್ರಶ್ನೆಗೆ ಗೈಡಿನಿಂದ ಉತ್ತರ ತರುವುದಿಲ್ಲ.

ಯಾಕೆಂದರೆ ಈ ದಾರಿಗಳು ಅವರಿಗೆ ಗೊತ್ತು. ಮಳೆ ಕೈಕೊಟ್ಟ ವರ್ಷ ಶೇಂಗಾ ಹೊಲ ಒಣಗಿ, ಮನೆಯವರು ಮೂಟೆ ಕಟ್ಟಿಕೊಂಡು ಬೆಂಗಳೂರಿನ ಕಟ್ಟಡದ ಕೆಲಸಕ್ಕೆ ಹೋಗುವುದನ್ನು ಅವರು ನೋಡಿದ್ದಾರೆ. ರಾಯದುರ್ಗದ ಜೀನ್ಸ್ ಹೊಲಿಗೆಯ ಮಿಷನ್ ಮುಂದೆ ಕೂತ ಅಕ್ಕಂದಿರನ್ನು ನೋಡಿದ್ದಾರೆ. ಹದಿನೆಂಟು ತುಂಬುವ ಮೊದಲೇ ಗೆಳತಿಯ ಮದುವೆ ಗೊತ್ತಾದ ಸುದ್ದಿ ತರಗತಿಯ ಹಿಂದಿನ ಬೆಂಚಿಗೆ ಮೇಷ್ಟ್ರಿಗಿಂತ ಮೊದಲು ಬರುತ್ತದೆ. ಬೆಳ್ಳಿಯ ಕಥೆಯನ್ನು ಆ ಬೆಂಚಿನ ಹುಡುಗಿಯರು ಓದಬೇಕು. ಸಾಲಕ್ಕಾಗಿ ಮನುಷ್ಯರನ್ನು ಹಿಡಿದಿಟ್ಟು ದುಡಿಸುವ ಜೀತವನ್ನು ನಿಷೇಧಿಸುವ ಕಾಯ್ದೆ ಈ ದೇಶದಲ್ಲಿ ಬಂದದ್ದು 1976ರಲ್ಲಿ, ಕಾದಂಬರಿ ಬಂದು 43 ವರ್ಷದ ಮೇಲೆ. ಬಿ.ವಿ. ಕಾರಂತರು ಇದನ್ನು ಸಿನಿಮಾ ಮಾಡಿದ್ದೂ ಹೆಚ್ಚೂಕಡಿಮೆ ಅದೇ ಹೊತ್ತಿನಲ್ಲಿ, 1975ರಲ್ಲಿ. ಕಾನೂನು ನಿಧಾನವಾಗಿ ಬಂದು ತಲುಪಿದ ಜಾಗಕ್ಕೆ ಕಾದಂಬರಿ ಎಷ್ಟು ಮೊದಲೇ ಬಂದಿತ್ತು ಎಂದು ಸಮಾಜ ಮೇಷ್ಟ್ರು ಮತ್ತು ಕನ್ನಡ ಮೇಷ್ಟ್ರು ಸೇರಿಯೇ ಹೇಳಿಕೊಡಬಹುದು.

ಬೇರೆ ದೇಶದವರು ಇದನ್ನು ಮಾಡಿಕೊಂಡು ಬಂದಿದ್ದಾರೆ. ಅಮೆರಿಕದ ಹಾರ್ಪರ್ ಲೀ 1960ರಲ್ಲಿ ಬರೆದ ‘ಟು ಕಿಲ್ ಎ ಮಾಕಿಂಗ್‌ಬರ್ಡ್’ ಕಾದಂಬರಿಯನ್ನು ಅಲ್ಲಿನ ಶಾಲೆಗಳಲ್ಲಿ ತಲೆಮಾರುಗಳಿಂದ ಓದಿಸುತ್ತಿದ್ದಾರೆ. ಅದರ ಕಥೆ ನಡೆಯುವ ಕಾಲ 1930ರ ದಶಕ, ಅಂದರೆ ಚೋಮನ ಕಾಲವೇ. ಸ್ಕೌಟ್ ಎಂಬ ಪುಟ್ಟ ಹುಡುಗಿ ಕಥೆ ಹೇಳುತ್ತಾಳೆ. ಮಾಡದ ತಪ್ಪಿಗೆ ಟಾಮ್ ರಾಬಿನ್ಸನ್ ಎಂಬ ಕಪ್ಪು ಮನುಷ್ಯನನ್ನು ಕಟಕಟೆಗೆ ತರುತ್ತಾರೆ. ಸ್ಕೌಟ್‌ಳ ಅಪ್ಪ ಅವನ ಪರವಾಗಿ ವಾದಿಸುತ್ತಾನೆ. ಸುಳ್ಳು ಎಲ್ಲರ ಕಣ್ಣೆದುರು ಬಯಲಾದರೂ ಬಿಳಿಯರೇ ತುಂಬಿದ ಪಂಚರ ಮಂಡಳಿ ಟಾಮ್ ತಪ್ಪಿತಸ್ಥ ಎನ್ನುತ್ತದೆ. ತೀರ್ಪು ಕೇಳಿ ಸ್ಕೌಟ್‌ಳ ಅಣ್ಣ ಜೆಮ್ ಅಳುತ್ತಾನೆ. ತನ್ನ ಊರಿನವರು ಒಳ್ಳೆಯವರು ಎಂದು ನಂಬಿದ್ದ ಹುಡುಗನ ಬಾಲ್ಯ ಅಲ್ಲಿಗೆ ಮುಗಿಯಿತು. ಆ ಪುಸ್ತಕ ಓದಿದ ಮಕ್ಕಳು ತಮ್ಮ ಊರಿನ ಬಗ್ಗೆ ತಮ್ಮ ಭಾಷೆಯಲ್ಲೇ ಮಾತಾಡುವುದನ್ನು ಕಲಿತರು. ನಮ್ಮ ಮಕ್ಕಳಿಗೂ ಆ ಅವಕಾಶ ಬೇಕು, ನಮ್ಮ ಊರಿನ ಬಗ್ಗೆ.

ಎರಡೂ ಪುಸ್ತಕಗಳಿಗೆ ಒಂದೇ ಕೊರತೆ ಇದೆ. ಅದನ್ನೂ ಮಕ್ಕಳಿಗೆ ಮುಚ್ಚಿಡಬಾರದು. ಟಾಮ್‌ನ ಕಥೆಯನ್ನು ಬಿಳಿ ಹುಡುಗಿ ಹೇಳುತ್ತಾಳೆ. ಚೋಮನ ಕಥೆಯನ್ನು ಮೇಲ್ಜಾತಿಯಲ್ಲಿ ಹುಟ್ಟಿದ ಲೇಖಕರು ಬರೆದರು. ನೊಂದವನ ಮೇಲೆ ಕನಿಕರ ಹುಟ್ಟುತ್ತದೆ, ಆದರೆ ನೊಂದವನೇ ಎದ್ದು ನಿಂತು ಮಾತಾಡುವುದು ಕಡಿಮೆ. ಚೋಮ ಕೊನೆಗೆ ಬಾಗಿಲು ಹಾಕಿಕೊಂಡು ದುಡಿ ಬಾರಿಸುತ್ತಾ ಸಾಯುತ್ತಾನೆ. ಅವನೇಕೆ ಯಾರನ್ನೂ ಎದುರಿಸಲಿಲ್ಲ ಎಂದು ಒಂದು ಮಗು ಕೇಳಿಯೇ ಕೇಳುತ್ತದೆ. ಕೇಳಲಿ. ಆ ಪ್ರಶ್ನೆಗೆ ಉತ್ತರವಾಗಿ ಹತ್ತನೇ ತರಗತಿಯಲ್ಲಿ ದೇವನೂರ ಮಹಾದೇವರ ‘ಒಡಲಾಳ’ವನ್ನು ಕೊಡೋಣ. ಅದೂ ಸಣ್ಣ ಪುಸ್ತಕ. ಅಲ್ಲಿ ಕಳೆದುಹೋದ ಕೋಳಿಗಾಗಿ ಹುಡುಕಾಡುವ ಸಾಕವ್ವ ಇದ್ದಾಳೆ. ಕದ್ದು ತಂದ ಕಡಲೆಕಾಯಿಯನ್ನು ಇಡೀ ಮನೆ ರಾತ್ರಿ ಕೂತು ತಿಂದು ಮುಗಿಸುವ ಸಂಭ್ರಮ ಇದೆ. ಶೇಂಗಾ ಬೆಳೆದು ಬದುಕುವ ಅನಂತಪುರದ ಮಕ್ಕಳಿಗೆ ಆ ರಾತ್ರಿಯ ಹಸಿವನ್ನಾಗಲಿ ರುಚಿಯನ್ನಾಗಲಿ ಯಾರೂ ವಿವರಿಸಬೇಕಾಗಿಲ್ಲ. ಬಡವರ ಮನೆಯಲ್ಲಿ ನಗು, ಜಗಳ, ಹಟ, ಮಕ್ಕಳ ಕಲ್ಪನೆ ಎಲ್ಲ ಇವೆ ಎಂಬುದು ಒಳಗಿನವರು ಬರೆದಾಗ ಕಾಣುತ್ತದೆ. ಒಂದು ಪುಸ್ತಕ ಹೊರಗಿನಿಂದ ಕಂಡದ್ದು, ಇನ್ನೊಂದು ಒಳಗಿನಿಂದ ಕಂಡದ್ದು. ಎರಡನ್ನೂ ಓದಿದ ಮಗು, ಯಾರ ಕಥೆಯನ್ನು ಯಾರು ಹೇಳುತ್ತಿದ್ದಾರೆ ಎಂದು ಮುಂದೆ ಪತ್ರಿಕೆ ಓದುವಾಗಲೂ ಕೇಳಿಕೊಳ್ಳುತ್ತದೆ.

ಈಗ ನಿಮ್ಮಲ್ಲಿ ಹಲವರು ಕೇಳುವ ಮಾತಿಗೆ ಬರೋಣ. ಕಾದಂಬರಿ ಓದಿದರೆ ಕೆಲಸ ಸಿಗುತ್ತದೆಯೇ? ನಮ್ಮ ಮಕ್ಕಳಿಗೆ ಬೇಕಾದದ್ದು ಇಂಗ್ಲಿಷ್. ಈ ಮಾತನ್ನು ಹೆಚ್ಚಾಗಿ ಆಡುವವರು ದಲಿತ ಕೇರಿಯ, ಕೂಲಿ ಮನೆಗಳ ತಂದೆ ತಾಯಂದಿರು. ಅವರನ್ನು ಭಾಷಾಭಿಮಾನ ಇಲ್ಲದವರು ಎಂದು ವೇದಿಕೆಯ ಮೇಲಿಂದ ಬೈಯುವುದು ಸಲ್ಲದು. ಚೋಮನಿಗೆ ಗದ್ದೆ ಹೇಗೋ ಇಂದು ಅವರಿಗೆ ಇಂಗ್ಲಿಷ್ ಹಾಗೆ. ಉಳ್ಳವರ ಮಕ್ಕಳು ಉತ್ತು ಬೆಳೆದ ಹೊಲ ಅದು. ತಮ್ಮ ಮಕ್ಕಳಿಗೂ ಅದರಲ್ಲಿ ಪಾಲು ಬೇಕು ಎನ್ನುತ್ತಾರೆ. ನ್ಯಾಯವಾದ ಮಾತೇ. ಕನ್ನಡ ಶಾಲೆಯಲ್ಲಿ ಇಂಗ್ಲಿಷನ್ನು ಚೆನ್ನಾಗಿ ಕಲಿಸಬೇಕು, ಅದಕ್ಕೆ ಮೇಷ್ಟ್ರನ್ನು ಕೊಡಬೇಕು ಎಂದು ನಾವೂ ಅವರ ಜೊತೆ ನಿಂತು ಕೇಳಬೇಕು.

ಆದರೆ ಇಂಗ್ಲಿಷ್ ಕಲಿಸುವುದು ಬೇರೆ, ಮಗುವಿನ ಮನೆಮಾತನ್ನು ಶಾಲೆಯ ಬಾಗಿಲಲ್ಲೇ ಬಿಡಿಸುವುದು ಬೇರೆ. ಆಂಧ್ರ ಸರ್ಕಾರ 2019ರ ನವೆಂಬರ್‌ನಲ್ಲಿ ಸರ್ಕಾರಿ ಶಾಲೆಗಳನ್ನು ಇಂಗ್ಲಿಷ್ ಮಾಧ್ಯಮಕ್ಕೆ ತಿರುಗಿಸುವ ಆದೇಶ ಹೊರಡಿಸಿತು. 2020ರ ಏಪ್ರಿಲ್‌ನಲ್ಲಿ ರಾಜ್ಯದ ಹೈಕೋರ್ಟ್ ಆ ಆದೇಶವನ್ನು ರದ್ದುಮಾಡಿತು. ಆಗ ನಡೆದ ಚರ್ಚೆ ಬಹುಮಟ್ಟಿಗೆ ತೆಲುಗು ಬೇಕೋ ಇಂಗ್ಲಿಷ್ ಬೇಕೋ ಎಂಬುದರ ಸುತ್ತಲೇ ಇತ್ತು. ರೊಳ್ಳದ ಕನ್ನಡ ಮಗು, ಡಿ.ಹಿರೇಹಾಳಿನ ಕನ್ನಡ ಮಗು ಆ ಚರ್ಚೆಯ ಅಂಚಿನಲ್ಲಿ ನಿಂತಿತ್ತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಬೋಧನೆಗೆ ಅನುಕೂಲ ಒದಗಿಸಲು ರಾಜ್ಯಗಳು ಪ್ರಯತ್ನಿಸಬೇಕು ಎಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯೂ ಸಾಧ್ಯವಾದಷ್ಟು ಮಟ್ಟಿಗೆ ಮಗುವಿನ ಮಾತೃಭಾಷೆಯಲ್ಲೇ ಕಲಿಸಬೇಕು ಎನ್ನುತ್ತದೆ. ವಿಧಿ, ಕಾಯ್ದೆ ಇವೆ. ಅವುಗಳನ್ನು ಮುಂದಿಟ್ಟು ಕೇಳುವವರು ನಾಳೆ ಯಾರು? ತನ್ನ ಭಾಷೆಯಲ್ಲಿ ಅನ್ಯಾಯವನ್ನು ಹೆಸರಿಟ್ಟು ಕರೆಯಲು ಕಲಿತ ಮಗುವೇ ನಾಳೆ ಎಂಇಒ ಕಚೇರಿಗೆ ಅರ್ಜಿ ಬರೆಯುತ್ತದೆ. ಅರ್ಜಿಯನ್ನು ಅದು ತೆಲುಗಿನಲ್ಲೋ ಇಂಗ್ಲಿಷಿನಲ್ಲೋ ಬರೆದರೂ ಬರೆಯುವ ಛಲ ಬರುವುದು ಮೊದಲು ಅರ್ಥವಾದ ಭಾಷೆಯಿಂದ.

ಕರ್ನಾಟಕದ ಸಿಇಟಿ ಅರ್ಹತಾ ನಿಯಮದಲ್ಲಿ ಗಡಿನಾಡ ಕನ್ನಡಿಗರಿಗೆಂದು ರಾಯದುರ್ಗ, ಮಡಕಶಿರಾ ತಾಲ್ಲೂಕುಗಳ ಹೆಸರಿರುವುದನ್ನು ನಾವು ತಂದೆ ತಾಯಂದಿರಿಗೆ ಹೇಳುತ್ತೇವೆ. ಹೇಳಬೇಕಾದದ್ದೇ. ಹೇಮಾವತಿ ನೊಳಂಬರ ಹೆಂಜೇರು, ಅಲ್ಲಿ ಕನ್ನಡ ಶಾಸನಗಳಿವೆ ಎಂದೂ ಹೇಳುತ್ತೇವೆ. ಅದೂ ಸರಿ. ಆದರೆ ಸೀಟಿನ ಆಸೆ ಹನ್ನೆರಡನೇ ತರಗತಿಯ ಮಾತು, ಶಾಸನದ ಹೆಮ್ಮೆ ಸಾವಿರ ವರ್ಷದ ಹಿಂದಿನದು. ನಡುವೆ ಇರುವ ಒಂಬತ್ತನೇ ತರಗತಿಯ ಮಗುವಿಗೆ, ಇವತ್ತು, ಈ ಭಾಷೆ ತನಗೇಕೆ ಬೇಕು ಎಂಬುದಕ್ಕೆ ನಾವು ಏನು ಕೊಟ್ಟಿದ್ದೇವೆ?

ಇನ್ನೊಂದು ಆತಂಕ ನಿಜವಾದದ್ದು. ‘ಚೋಮನ ದುಡಿ’ಯಲ್ಲಿ ಜಾತಿಯ ಹೆಸರುಗಳು ಬರುತ್ತವೆ, ಅವಮಾನದ ಮಾತುಗಳು ಬರುತ್ತವೆ. ತರಗತಿಯಲ್ಲಿ ಆ ಜಾತಿಯ ಮಗು ಕೂತಿರುತ್ತದೆ. ಉಳಿದವರು ತಿರುಗಿ ನೋಡಿದರೆ? ಅಮೆರಿಕದಲ್ಲೂ ಈ ತೊಡಕು ಬಂದಿದೆ. ಮಿಸಿಸಿಪ್ಪಿಯ ಬಿಲಾಕ್ಸಿ ಊರಿನ ಶಾಲೆಗಳು 2017ರಲ್ಲಿ ಹಾರ್ಪರ್ ಲೀ ಅವರ ಪುಸ್ತಕವನ್ನು ಎಂಟನೇ ತರಗತಿಯ ಪಾಠದಿಂದ ತೆಗೆದವು. ಅದರ ಭಾಷೆ ಮುಜುಗರ ತರುತ್ತದೆ ಎಂಬ ದೂರು ಕಾರಣವಾಗಿತ್ತು. ಪುಸ್ತಕ ತೆಗೆದರೆ ಮುಜುಗರ ಹೋಗಬಹುದು, ಊರಿನಲ್ಲಿರುವುದು ಹೋಗುವುದಿಲ್ಲ. ಹಾಗೆಂದು ಎಚ್ಚರ ತಪ್ಪುವಂತಿಲ್ಲ. ಮೇಷ್ಟ್ರು ಕೆಲವು ಕಟ್ಟುಪಾಡು ಇಟ್ಟುಕೊಳ್ಳಬೇಕು. ಚೋಮನ ಮಾತುಗಳನ್ನು ದಲಿತ ಮಗುವಿನಿಂದಲೇ ಓದಿಸಬಾರದು. ನಿಮ್ಮ ಮನೆಯಲ್ಲೂ ಹೀಗೇನಾ ಎಂದು ಯಾವ ಮಗುವನ್ನೂ ಎಬ್ಬಿಸಿ ನಿಲ್ಲಿಸಿ ಕೇಳಬಾರದು. ಅವಮಾನದ ಮಾತು ಬಂದ ಕಡೆ ಮೇಷ್ಟ್ರೇ ಓದಿ, ಈ ಮಾತು ಆಡಿದವನ ಬಗ್ಗೆ ಏನು ಹೇಳುತ್ತದೆ ಎಂದು ಎಲ್ಲರನ್ನೂ ಕೇಳಬೇಕು. ಬೆಳ್ಳಿಯ ಭಾಗ ಬಂದಾಗ ಟೀಚರಮ್ಮ ಓದಿದರೆ ಇನ್ನೂ ಒಳ್ಳೆಯದು. ಪ್ರಶ್ನೆ ಯಾವಾಗಲೂ ಸಂಕಪ್ಪಯ್ಯನ ಕಡೆಯಿಂದ ಶುರುವಾಗಲಿ: ಇವನು ಏನು ಮಾಡಬಹುದಿತ್ತು? ಏಕೆ ಮಾಡಲಿಲ್ಲ?

ಓದಿಸುವ ಕ್ರಮವೂ ಸರಳವಾಗಿರಲಿ. ಶಾಲೆಗೆ ಹತ್ತು ಪ್ರತಿ ಸಾಕು. ಮೂವರು ಮಕ್ಕಳಿಗೆ ಒಂದು ಬಂದರೂ ನಡೆಯುತ್ತದೆ. ವಾರಕ್ಕೊಂದು ಪೀರಿಯಡ್, ಐದಾರು ಪುಟ, ಸರದಿಯ ಮೇಲೆ ಗಟ್ಟಿಯಾಗಿ ಓದು. ಕರಾವಳಿ ಕಡೆಯ ಪದ ಬಂದರೆ ನಿಲ್ಲಿಸಿ, ನಮ್ಮ ಕಡೆ ಇದಕ್ಕೇನಂತೀವಿ ಎಂದು ಕೇಳಿ. ಆಗ ತೆಲುಗು ಬೆರೆತ ನಮ್ಮ ಮಕ್ಕಳ ಕನ್ನಡವೂ ತರಗತಿಗೆ ಮರ್ಯಾದೆಯಿಂದ ಬರುತ್ತದೆ. ಪರೀಕ್ಷೆಯಲ್ಲಿ ಇದರ ಮೇಲೆ ಒಂದು ಪ್ರಶ್ನೆಯೂ ಬೇಡ. ಅಂಕ ಇಟ್ಟ ಮರುದಿನವೇ ಗೈಡು ಬರುತ್ತದೆ. ಮನೆಗೆ ಒಯ್ದ ಪುಸ್ತಕವನ್ನು ರಾತ್ರಿ ಅಜ್ಜಿಗೋ ಅವ್ವನಿಗೋ ಒಂದು ಪುಟ ಓದಿ ಹೇಳಲಿ. ಓದು ಬಾರದ ಹಿರಿಯರಿಗೆ ಚೋಮನ ಬಗ್ಗೆ ಹೇಳಲು ಮೇಷ್ಟ್ರಿಗಿಂತ ಹೆಚ್ಚು ಸಂಗತಿ ಇರುತ್ತದೆ.

ಇದಕ್ಕೆ ಹೊಸ ಆದೇಶ ಬೇಕಿಲ್ಲ, ಪಠ್ಯಕ್ರಮ ಬದಲಾಗಬೇಕಿಲ್ಲ. ಕರ್ನಾಟಕ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ ಗಡಿಯಾಚೆಯ ಕನ್ನಡಕ್ಕೆಂದು ನೆರವು ಕೊಡುತ್ತದೆ. ಭವನ, ಉತ್ಸವ, ಶಾಲುಗಳ ಜೊತೆಗೆ ಪ್ರತಿ ಪ್ರೌಢಶಾಲೆಗೂ ಹತ್ತು ಹತ್ತು ಪುಸ್ತಕದ ಒಂದು ಕಟ್ಟು ಕಳಿಸಿ ಎಂದು ನಮ್ಮ ಕನ್ನಡ ಸಂಘಗಳು ಅರ್ಜಿ ಕೊಡಲಿ. ಅದು ಬರುವವರೆಗೆ ಕಾಯಬೇಕಾಗಿಯೂ ಇಲ್ಲ. ಬಳ್ಳಾರಿಗೋ ಚಳ್ಳಕೆರೆಗೋ ಶಿರಾಕ್ಕೋ ಸಂತೆಗೆ, ಆಸ್ಪತ್ರೆಗೆ, ಮದುವೆಗೆ ವಾರ ವಾರವೂ ಹೋಗಿ ಬರುವವರು ನಾವು. ಅಲ್ಲಿಂದ ತರುವ ಸಾಮಾನಿನ ಚೀಟಿಯಲ್ಲಿ ಒಂದು ಪುಸ್ತಕದ ಹೆಸರನ್ನೂ ಬರೆದುಕೊಳ್ಳಿ. ಶಾಲೆಯ ಹಳೆಯ ವಿದ್ಯಾರ್ಥಿಗಳು ಐದು ಜನ ಸೇರಿದರೆ ಒಂದು ತರಗತಿಗೆ ಆಗುವಷ್ಟು ಪ್ರತಿ ಕೊಳ್ಳಬಹುದು.

ಕನ್ನಡ ಶಾಲೆಯಲ್ಲಿ ಮಕ್ಕಳ ಸಂಖ್ಯೆ ಇಳಿಯುತ್ತಿದೆ ಎಂದು ನಾವು ಪ್ರತಿ ಜೂನ್‌ನಲ್ಲಿ ಬರೆಯುತ್ತೇವೆ. ಸಂಖ್ಯೆಯ ಹೋರಾಟ ನಡೆಯಲಿ. ಅದರ ಜೊತೆಗೆ, ಈಗ ಆ ಬೆಂಚುಗಳ ಮೇಲೆ ಕೂತಿರುವ ಮಕ್ಕಳಿಗೆ ಕನ್ನಡ ಏನು ಕೊಡಬಲ್ಲದು ಎಂಬುದನ್ನೂ ತೋರಿಸಬೇಕು. ಈ ಜೂನ್‌ನಲ್ಲಿ ಶಾಲೆ ಬಾಗಿಲು ತೆರೆದಾಗ ನಿಮ್ಮ ಊರಿನ ಮುಖ್ಯೋಪಾಧ್ಯಾಯರನ್ನು ಭೇಟಿ ಮಾಡಿ. ಒಂಬತ್ತನೇ ತರಗತಿಗೆ ವಾರಕ್ಕೆ ಒಂದು ಪೀರಿಯಡ್ ಕೊಡಿ, ಪುಸ್ತಕ ನಾವು ತರುತ್ತೇವೆ ಎಂದು ಹೇಳಿ.